ಮೊಟ್ಟೆ ನಿಂತ ಮೇಲೆ

ಬಾತುಗಳು ನಮ್ಮ ಮನೆಗೆ ಬಂದದ್ದು ಬಸವನಹುಳುವಿನ ಮೇಲಿನ ನನ್ನ ಸಿಟ್ಟಿನಿಂದ. ಶಿರಸಿಯಿಂದ ಹುಲೇಕಲ್ಲಿಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿಯಿತು ಎನ್ನುವಲ್ಲಿ ನಮ್ಮ ಮನೆ. ಹಿತ್ತಿಲಿನಲ್ಲಿ ನಾನು ಹೂವಿನ ಗಿಡಗಳ ಸಣ್ಣ ನರ್ಸರಿ ನಡೆಸುತ್ತೇನೆ. ನಮ್ಮ ಕಡೆಯ ಹೆಂಗಸರಿಗೆ ಡೇರೆ, ಅಂದರೆ ಡೇಲಿಯಾ ಹೂವಿನ ಹುಚ್ಚು ಎಷ್ಟೆಂದು ಬೇರೆಯವರಿಗೆ ಹೇಳಿ ಪ್ರಯೋಜನವಿಲ್ಲ. ಕೈಬಳೆ ಕೇಳಿದರೆ ಬಿಚ್ಚಿ ಕೊಟ್ಟಾರು, ಹೊಸ ಬಣ್ಣದ ಡೇರೆ ಗಡ್ಡೆ ಕೊಡಲಾರರು. ಅಂಥ ಗಡ್ಡೆಗಳು ಮಳೆಗಾಲದಲ್ಲಿ ಚಿಗುರೊಡೆದದ್ದೇ ತಡ, ಬಸವನಹುಳುಗಳು ಬೆಳಗಾಗುವುದರೊಳಗೆ ಬೋಳಿಸಿ ಹೋಗುತ್ತಿದ್ದವು. ಉಪ್ಪು ಹಾಕಿದೆ, ಬೂದಿ ಹಾಕಿದೆ, ಬಾಯಿಗೆ ಬಂದಂತೆ ಬೈದೆ. ಕೊನೆಗೆ ಸೊಸೈಟಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಯಾರದೋ ಮಾತು ಕೇಳಿ ಯಲ್ಲಾಪುರದಿಂದ ಮೂರು ಬಾತುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದರು. ಒಂದು ಗಂಡು, ಎರಡು ಹೆಣ್ಣು.

ಮಾವನಿಗೆ ಇದನ್ನು ಹೇಳುವ ಧೈರ್ಯ ಅವರ ಮಗನಿಗೆ ಇರಲಿಲ್ಲ. ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದರು. ಮಾವ ವಯಸ್ಸಿನಲ್ಲಿದ್ದಾಗ ಊರೂರು ತಿರುಗಿ ಪೌರೋಹಿತ್ಯ ಮಾಡಿದವರು. ಈಗ ಮನೆದೇವರ ಪೂಜೆಯೊಂದೇ ಅವರ ಕೆಲಸ, ಅದರಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗುವ ಹಾಗಿಲ್ಲ. ಅತ್ತೆ ತೀರಿಕೊಂಡ ಮೇಲಂತೂ ಮಡಿ ಜಾಸ್ತಿಯಾಗಿ ಮಾತು ಕಡಿಮೆಯಾಗಿತ್ತು. ಅವರು ಪೆಟ್ಟಿಗೆಯೊಳಗೆ ಬಗ್ಗಿ ನೋಡಿ ಹೇಳಿದರು:

"ಇಷ್ಟು ವರ್ಷ ಮಂತ್ರ ಹೇಳಿದ ಮನೇಲಿ ಕೋಳಿ ಸಾಕದಾ?"

"ಕೋಳಿ ಅಲ್ದ ಮಾವ, ಬಾತು."

"ಅದು ಮೊಟ್ಟೆ ಹಾಕ್ತಿಲ್ಯ?"

ಮಾವ ಅರ್ಧ ದಿನ ಯೋಚಿಸಿದರು. ಡೇರೆ ಹೋದರೆ ದೇವರಿಗೂ ಹೂವಿಲ್ಲ ಎನ್ನುವುದು ಅವರ ಲೆಕ್ಕದಲ್ಲಿ ಬಂದಿರಬೇಕು. ಸಂಜೆ ತೀರ್ಪು ಬಂತು. ಬಾತು ಇರಬಹುದು. ಆದರೆ ಬೆಳಿಗ್ಗೆ ತಾವು ಮಿಂದು ಹೂ ಕೊಯ್ಯಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಒಂದು ಮೊಟ್ಟೆಯೂ ಕಣ್ಣಿಗೆ ಬೀಳಬಾರದು, ಕಾಲಿಗೂ ಸಿಗಬಾರದು.

ಹಾಗಾಗಿ ದಿನಾ ಬೆಳಗು ಹರಿಯುವ ಮುಂಚೆ ಬಾತಿನ ಗೂಡಿಗೆ ನನ್ನ ಸವಾರಿ. ಮೊಟ್ಟೆಯನ್ನು ಕೈಯಲ್ಲಿ ಮುಟ್ಟದೆ, ಅಡಿಕೆ ಹಾಳೆಯ ತುಂಡಿನಿಂದ ಮೆಲ್ಲಗೆ ಎತ್ತಿ, ಕಂಪೌಂಡಿನ ಆಚೆ ಕಲ್ಲಿನ ಮೇಲೆ ಇಟ್ಟು ಬರುತ್ತಿದ್ದೆ. ಪಕ್ಕದ ಓಣಿಯಲ್ಲಿ ಗೂಡ್ಸ್ ಟೆಂಪೋ ಓಡಿಸುವವರ ಹೆಂಡತಿ, ನನ್ನದೇ ವಯಸ್ಸಿನವಳು, ಬಂದು ಒಯ್ಯುತ್ತಿದ್ದಳು. ಅವಳ ಮನೆಯ ಮಕ್ಕಳು ಅದನ್ನು ತಿಂದು ಗುಂಡಗೆ ಆದರು. ನಮ್ಮ ಮನೆಯಲ್ಲಿ ಯಾರೂ ಒಂದು ಮೊಟ್ಟೆಯನ್ನು ತಿರುಗಿಸಿ ನೋಡಲಿಲ್ಲ. ಅದರ ಸಿಪ್ಪೆ ದಪ್ಪವೋ ತೆಳುವೋ, ವರ್ಷಕ್ಕೆ ಎಷ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು, ಇದೆಲ್ಲ ನಮಗೆ ಬೇರೆ ದೇಶದ ಸುದ್ದಿ. ತಿನ್ನುವವರ ಮನೆಯಾಗಿದ್ದರೆ ಇಷ್ಟು ಕುರುಡಾಗಿ ಇರುತ್ತಿರಲಿಲ್ಲವೇನೋ.

ಮಾವ ಸೋತದ್ದು ಎರಡು ಹೆಣ್ಣುಗಳಲ್ಲಿ ಒಂದಕ್ಕೆ, ಕೊರಳಲ್ಲಿ ಬಿಳಿ ಮಚ್ಚೆ ಇದ್ದುದಕ್ಕೆ. ಇನ್ನೊಂದು ಮೈಯೆಲ್ಲ ಕಂದು, ಸ್ವಲ್ಪ ಅಂಜುಬುರುಕಿ. ಮಚ್ಚೆಯದು ಮಾವ ಹೂ ಕೊಯ್ಯಲು ಹೊರಟರೆ ಸಾಕು, ಹಿಂದೆ ಹೊರಡುತ್ತಿತ್ತು. ಅವರು ದಾಸವಾಳದ ಟೊಂಗೆ ಬಗ್ಗಿಸಿದಾಗ ಕೆಳಗೆ ಬೀಳುವ ಹುಳ ಹೆಕ್ಕುವುದು ಅದರ ಉದ್ದೇಶ. ಮಾವ ಮಾತ್ರ ಅದನ್ನು ಭಕ್ತಿ ಎಂದುಕೊಂಡರು. ಮಡಿಯಲ್ಲಿದ್ದಾಗ ಅದು ಮುಟ್ಟಬಾರದಲ್ಲ, "ದೂರ, ದೂರ" ಎನ್ನುತ್ತ ಹಿಂದೆ ನೋಡಿಕೊಂಡೇ ನಡೆಯುವರು. ಅದು ದೂರವೇ ನಿಂತು ಕತ್ತು ಓರೆ ಮಾಡಿ ಕಾಯುವುದು. ಆಮೇಲೆ ಆಮೇಲೆ ಮಾತು ಶುರುವಾಯಿತು. ಇವತ್ತು ಕರವೀರ ಕಡಿಮೆ, ಮಗ ಎದ್ದಿದ್ದು ತಡ, ಸೊಸೆ ಕಾಫಿಗೆ ಸಕ್ಕರೆ ಜಾಸ್ತಿ ಹಾಕ್ತು, ಹೀಗೆ. ನಮ್ಮ ಯಾರ ಹತ್ತಿರವೂ ಆಡದ ಮಾತುಗಳನ್ನು ಅವರು ಆ ಬಾತಿನ ಹತ್ತಿರ ಆಡುವುದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ಕೇಳುತ್ತಿದ್ದೆ. ಸಕ್ಕರೆಯ ವಿಷಯಕ್ಕೆ ಸಿಟ್ಟು ಬಂದರೂ, ಮನೆಯಲ್ಲಿ ಅವರ ದನಿ ಮತ್ತೆ ಕೇಳುತ್ತಿದೆ ಎಂದು ಸಮಾಧಾನವೂ ಆಗುತ್ತಿತ್ತು. ಪೇಟೆಯಿಂದ ಬಂದವರು "ಬಾತುಕೋಳಿ" ಎಂದರೆ ಮಾವ ತಕ್ಷಣ ತಿದ್ದುವರು, ಇದು ಹಂಸದ ಜಾತಿ ಎಂದು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಗಂಡು ಬಾತು ಹೋಯಿತು. ಬೆಳಿಗ್ಗೆ ನೋಡಿದರೆ ಗೂಡಿನ ತಟ್ಟಿ ಸರಿದಿದೆ, ಬೇಲಿಯ ಹತ್ತಿರ ಒಂದು ಮುಷ್ಟಿ ಪುಕ್ಕ. ಚಿರತೆ ಎಂದರು ಕೆಲವರು, ಕಾಡುಬೆಕ್ಕು ಎಂದರು ಕೆಲವರು. ನನ್ನ ಗಂಡ ಅಂದೇ ಗೂಡಿಗೆ ಕಬ್ಬಿಣದ ಜಾಲರಿ ಹಾಕಿಸಿ ಒಳಗೊಂದು ದೊಡ್ಡ ಬಲ್ಬು ನೇತುಹಾಕಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹತ್ತಿದರೆ ಅದು ಬೆಳಗಿನವರೆಗೂ ಉರಿಯುತ್ತಿತ್ತು. ಬೆಳಕಿದ್ದರೆ ಪ್ರಾಣಿ ಬರುವುದಿಲ್ಲ ಎಂದು ಲೆಕ್ಕ. ಪ್ರಾಣಿ ಬರಲಿಲ್ಲ, ನಿಜ. ಆದರೆ ಆ ಚಳಿಗಾಲದಲ್ಲಿ ಎರಡೂ ಬಾತುಗಳು ಒಂದು ದಿನವೂ ತಪ್ಪಿಸದೆ ಮೊಟ್ಟೆ ಹಾಕಿದವು. ಹಾಕಿದ ಹಾಗೆಲ್ಲ ನಾನು ತೆಗೆದೆ. ತೆಗೆದ ಹಾಗೆಲ್ಲ ಅವು ಹಾಕಿದವು. ಟೆಂಪೋದವರ ಹೆಂಡತಿ ನಗುತ್ತ ಹೇಳಿದಳು:

"ಅಕ್ಕಾ, ನಿಮ್ಮ ಬಾತು ಮಷೀನ್ ಆಗ್ಯಾವು ನೋಡ್ರಿ."

ನಾನೂ ನಕ್ಕೆ, ಸ್ವಲ್ಪ ಜಂಬವೂ ಪಟ್ಟೆ.

ಬೇಸಿಗೆ ಬಂತು. ಮಣ್ಣು ಒಣಗಿ ಬಸವನಹುಳುಗಳು ಎಲ್ಲೋ ಅಡಗಿದವು. ಬಾತುಗಳಿಗೆ ಅನ್ನ, ತೌಡು, ಸೊಪ್ಪು. ಅಷ್ಟು ದಿನ ಅವು ಹುಳುವಿನ ಜೊತೆ ಅದರ ಚಿಪ್ಪನ್ನೂ ತಿನ್ನುತ್ತಿದ್ದವು, ಮೊಟ್ಟೆಯ ಸಿಪ್ಪೆಗೆ ಬೇಕಾದ ಸುಣ್ಣ ಅಲ್ಲಿಂದಲೇ ಬರುತ್ತಿತ್ತು ಎನ್ನುವುದು ನನಗೆ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಹಾಳೆಯ ತುಂಡು ತಾಗಿದ್ದೇ ಮೊಟ್ಟೆ ಬಿರಿಯಿತು. ಮರುದಿನ ಇನ್ನೊಂದು. ಟೆಂಪೋದವರ ಹೆಂಡತಿ ಕಲ್ಲಿನ ಹತ್ತಿರ ನಿಂತು ಕರೆದಳು.

"ಅಕ್ಕಾ, ಸಿಪ್ಪೆ ಭಾಳ ತೆಳ್ಳಗ ಆಗೇತ್ರಿ. ಕಾಗದದಂಗ ಐತಿ. ಏನರ ತಿನ್ನಾಕ ಹಾಕ್ರಿ."

ಏನು ಹಾಕಬೇಕೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಕಳಿಗೆ ಕೊಡುವ ಕ್ಯಾಲ್ಸಿಯಂ ಔಷಧಿ ಬಾಟಲಿ ಒಂದು ಅಟ್ಟದ ಮೇಲಿತ್ತು, ಅದನ್ನೇ ನೀರಿಗೆ ಬೆರೆಸಿಟ್ಟೆ. ಕಂದು ಬಾತಿನ ಮೊಟ್ಟೆ ಸ್ವಲ್ಪ ಗಟ್ಟಿಯಾಯಿತು. ಮಚ್ಚೆಯದರದು ಆಗಲಿಲ್ಲ. ಒಮ್ಮೆ ಸಣ್ಣ ನಿಂಬೆಹಣ್ಣಿನಷ್ಟು, ಒಮ್ಮೆ ಮೈಯೆಲ್ಲ ಗಂಟುಗಂಟು, ಒಮ್ಮೆ ಒಂದು ತುದಿಯಲ್ಲಿ ರಕ್ತದ ಗೆರೆ. ಹಾಳೆಯ ಮೇಲೆ ಅದನ್ನು ಒಯ್ಯುವಾಗ ನನಗೆ ಏನೋ ಕೆಟ್ಟದ್ದನ್ನು ಮುಚ್ಚಿಟ್ಟುಕೊಂಡು ಹೋಗುತ್ತಿರುವಂತೆ ಅನ್ನಿಸುತ್ತಿತ್ತು. ಮಾವನಿಗೆ ಹೇಳಲಿಲ್ಲ. ಮೊಟ್ಟೆಯ ಸುದ್ದಿ ಅವರ ಹತ್ತಿರ ಎತ್ತುವ ಹಾಗಿರಲಿಲ್ಲವಲ್ಲ.

ಅವರಿಗೆ ತಿಳಿದದ್ದು ತುಳಸಿ ಕಟ್ಟೆಯ ಹತ್ತಿರ. ಹೂ ಕೊಯ್ದು ಮುಗಿಸಿ ತುಳಸಿಗೆ ಬಂದಿದ್ದರು, ಮಚ್ಚೆಯದು ಹಿಂದೆ ಇತ್ತು. ಅದು ನಡೆಯುವುದನ್ನು ಬಿಟ್ಟು ನಿಂತಿತು. ಬಾಲ ಮೇಲೆ ಕೆಳಗೆ ಆಡಿಸಿತು, ಬಾಯಿ ತೆರೆಯಿತು, ಕಣ್ಣು ಮುಚ್ಚಿತು. ಮಾವ "ಎಂತ ಆತೇ?" ಎಂದು ಎರಡು ಹೆಜ್ಜೆ ಹತ್ತಿರ ಬಂದರು. ಆಗ ಅದರ ಹಿಂದಿನಿಂದ ಸಿಪ್ಪೆಯೇ ಇಲ್ಲದ, ಬರೀ ತೊಗಲಿನ ಚೀಲದಂಥ ಮೊಟ್ಟೆ ಜಾರಿ ಬಿದ್ದು ಅವರ ಕಾಲ ಬುಡದಲ್ಲೇ ಒಡೆಯಿತು. ಹಳದಿ ಲೋಳೆ ಕಟ್ಟೆಯ ಮೆಟ್ಟಿಲಿಗೂ ಅವರ ಪಾದಕ್ಕೂ ಸಿಡಿಯಿತು.

ನಾನು ಓಡಿ ಬಂದೆ. ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಮಾವ ಕೂಗಲಿಲ್ಲ. ಹೂವಿನ ಬುಟ್ಟಿಯನ್ನು ಹಾಗೇ ನೆಲಕ್ಕಿಟ್ಟು ಬಾತನ್ನೇ ನೋಡುತ್ತಿದ್ದರು. ಅದು ನಡುಗುತ್ತಿತ್ತು.

"ಇದು ದಿನಾ ಹೀಂಗೇ ಬೇನೆ ತಿಂತಾ?" ಎಂದು ಕೇಳಿದರು.

"ಗೊತ್ತಿಲ್ಲೆ ಮಾವ. ಇತ್ತಿತ್ಲಾಗೆ ಸರಿ ಇಲ್ಲೆ."

ಅವರು ಮತ್ತೆ ಮಿಂದರು. ಕಟ್ಟೆ ತೊಳೆಸಿದರು, ಬೇರೆ ಹೂ ಕೊಯ್ದರು. ಆ ದಿನ ಪೂಜೆ ಬಹಳ ಹೊತ್ತು ನಡೆಯಿತು. ದೇವರ ಕೋಣೆಯ ಬಾಗಿಲಲ್ಲಿ ನೈವೇದ್ಯ ಹಿಡಿದು ನಿಂತಿದ್ದ ನನಗೆ ಅವರ ಪ್ರಾರ್ಥನೆ ಕೇಳಿಸಿತು. ಸಂಸ್ಕೃತ ಮುಗಿಸಿ ಮನೆಮಾತಿನಲ್ಲೇ ಕೇಳಿಕೊಳ್ಳುತ್ತಿದ್ದರು. ಆ ಬಡಪ್ರಾಣಿಗೆ ಈ ಕರ್ಮ ಸಾಕು. ಮೊಟ್ಟೆ ಹಾಕುವುದು ನಿಲ್ಲಲಿ. ನಿಂತರೆ ಪಂಚಕಜ್ಜಾಯ ಮಾಡಿಸುತ್ತೇನೆ. ಬಾತಿನ ಸಂಕಟವೂ ತಪ್ಪಬೇಕು, ಅಂಗಳದ ಮೈಲಿಗೆಯೂ ತಪ್ಪಬೇಕು; ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಾವನ ಹರಕೆಗಳೆಲ್ಲ ಹಾಗೇ, ಎರಡು ಕೆಲಸಕ್ಕೆ ಒಂದೇ ಖರ್ಚು. ನನಗೆ ನಗು ಬಂತು, ಸೆರಗು ಬಾಯಿಗಿಟ್ಟುಕೊಂಡೆ.

ಕೆಲವೇ ದಿನಗಳಲ್ಲಿ ಮಚ್ಚೆಯದು ಮೊಟ್ಟೆ ಹಾಕುವುದನ್ನು ನಿಲ್ಲಿಸಿತು.

ಮೊದಲು ನಾನು ನಂಬಲಿಲ್ಲ. ಹುಲ್ಲಿನ ಕೆಳಗೆ, ಗಿಡದ ಬುಡದಲ್ಲಿ, ನೀರಿನ ತೊಟ್ಟಿಯ ಹಿಂದೆ ಎಲ್ಲ ಹುಡುಕಿದೆ. ಇಲ್ಲ. ಕಂದುಬಣ್ಣದ್ದು ಎಂದಿನಂತೆ ಹಾಕುತ್ತಿತ್ತು, ಇದರ ಜಾಗ ಖಾಲಿ. ಇನ್ನೂ ಕೆಲವು ದಿನ ಕಾದು ಮಾವನಿಗೆ ಹೇಳಿದೆ. ಅತ್ತೆ ಹೋದ ಮೇಲೆ ಅವರ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಕಂಡಿರಲಿಲ್ಲ. ಪಂಚಕಜ್ಜಾಯವಾಯಿತು. ಹುರಿಗಡಲೆ ಪುಡಿಗೆ ಬೆಲ್ಲ, ಎಳ್ಳು, ಕೊಬ್ಬರಿ ಬೆರೆಸಿ ಅವರೇ ಕಲಸಿದರು. ಟೆಂಪೋದವರ ಮನೆಗೂ ಒಂದು ಎಲೆಯಲ್ಲಿ ಹೋಯಿತು. ನನ್ನ ಗಂಡ ಊಟಕ್ಕೆ ಕೂತಾಗ ಗೇಲಿ ಮಾಡಿದರು:

"ಅಪ್ಪಯ್ಯ, ಸಂತಾನ ಕೊಡು ಹೇಳಿ ಹರಕೆ ಹೊತ್ತವ್ರನ್ನ ನೋಡಿದ್ದಿ. ಬ್ಯಾಡ ಹೇಳಿ ಹೊತ್ತವ ನೀನೊಬ್ನೇ."

ಮಾವ ನಕ್ಕುಬಿಟ್ಟರು. ನಾವೆಲ್ಲ ನಕ್ಕೆವು. ಮನೆಯಲ್ಲಿ ಹಬ್ಬದ ಗಾಳಿ. ಮೊಟ್ಟೆ ತಿನ್ನುವ ಯಾವ ಮನೆಯಲ್ಲಿಯೂ ಬಾತು ಮೊಟ್ಟೆ ನಿಲ್ಲಿಸಿದ್ದಕ್ಕೆ ದೇವರಿಗೆ ನೈವೇದ್ಯ ಇಟ್ಟಿರಲಿಕ್ಕಿಲ್ಲ. ಅಲ್ಲಿ ಯಾರಾದರೂ ಒಬ್ಬರು, ಏಕೆ ನಿಂತಿತು ಎಂದು ಕೇಳಿರುತ್ತಿದ್ದರು.

ಮಳೆ ಹಿಡಿಯುವ ಹೊತ್ತಿಗೆ ಮಚ್ಚೆಯದು ಮೈ ತುಂಬಿಕೊಂಡಿತು. ಹಾಗೆಂದು ನಾವು ಹೇಳಿಕೊಂಡೆವು. ಹೊಟ್ಟೆ ಕೆಳಗೆ ಇಳಿದು ಎರಡು ಕಾಲುಗಳ ನಡುವೆ ತುಂಬಿದ ಚೀಲದಂತೆ ಕಾಣುತ್ತಿತ್ತು. ನಡೆಯುವಾಗ ಎದೆ ಎತ್ತಿ ನೆಟ್ಟಗೆ ನಿಲ್ಲುತ್ತಿತ್ತು, ಬಾತು ಹಾಗೆ ನಿಲ್ಲುವುದೇ ಇಲ್ಲ. ಮಾವ ಅದನ್ನು ಗತ್ತು ಎಂದರು. "ನೋಡು ತಂಗಿ, ಬೇನೆ ತಪ್ಪಿದ್ದಕ್ಕೆ ಎಷ್ಟು ಚಂದ ಆತು ಹೇಳಿ" ಎಂದು ನನ್ನನ್ನು ಕರೆದು ತೋರಿಸಿದರು. ಟೆಂಪೋದವರ ಹೆಂಡತಿ ಬೇಲಿಯಾಚೆಯಿಂದ ನೋಡಿ, "ತುಂಬಿದ ಬಸುರಿ ಆಗೇತಿ ಅಕ್ಕಾ, ಒಮ್ಮೆಲೇ ಡಜನ್ ಹಾಕತೈತಿ ನೋಡ್ತಿರ್ರಿ" ಎಂದಳು. ನನಗೆ ಅವಳ ಮಾತು ಹಿಡಿಸಲಿಲ್ಲ. ಯಾಕೆಂದು ಹೇಳಲಾರೆ. ಆ ದಿನದಿಂದ ನಾನು ಅದರ ಹೊಟ್ಟೆಯನ್ನು ಕದ್ದು ಕದ್ದು ನೋಡತೊಡಗಿದೆ. ಗಿಡಕ್ಕೆ ನೀರು ಹಾಕುವಾಗ, ಬಟ್ಟೆ ಒಣಗಿಸುವಾಗ, ಗಿರಾಕಿಗಳ ಹತ್ತಿರ ಗುಲಾಬಿಯ ಮಾತಾಡುವಾಗಲೂ ಕಣ್ಣು ಅಲ್ಲಿಗೇ.

ಒಂದು ದಿನ ಅದು ಹೂ ಕೊಯ್ಯುವ ಸುತ್ತಿನಲ್ಲಿ ಅರ್ಧಕ್ಕೇ ಕೂತುಬಿಟ್ಟಿತು. ಮಾವ ಮುಂದೆ ಹೋಗಿ ಕರೆದರು, ಬರಲಿಲ್ಲ. ಕಾಲು ಬುಡದಲ್ಲೇ ದೊಡ್ಡದೊಂದು ಬಸವನಹುಳು ಹರಿದು ಹೋಗುತ್ತಿತ್ತು. ಬಾತು ಅದನ್ನು ನೋಡಿತು, ಕೊಕ್ಕು ಅಲ್ಲಾಡಿಸಲಿಲ್ಲ. ಹತ್ತಿರ ಹೋದರೆ ಅದು ಬಾಯಿ ಬಿಟ್ಟು ಉಸಿರಾಡುತ್ತಿತ್ತು, ಪ್ರತಿ ಉಸಿರಿಗೂ ಬಾಲ ಕುಣಿಯುತ್ತಿತ್ತು.

"ಮಾವ, ಡಾಕ್ಟರಿಗೆ ತೋರ್ಸವು" ಎಂದೆ.

"ಎಂತಕ್ಕೆ? ಅಜೀರ್ಣ ಆಗಿಕ್ಕು. ಓಮದ ನೀರು ಹಾಕು."

"ಅಜೀರ್ಣ ಅಲ್ದ ಇದು" ಎಂದು ರೇಗಿದೆ. ಮಾವನ ಎದುರು ನಾನು ದನಿ ಎತ್ತಿದ್ದು ಅದೇ ಮೊದಲಿರಬೇಕು. ಅವರು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಪಂಚೆ ಹಾಸಿ ಬಾತನ್ನು ಕೂರಿಸಿದೆ. ಟೆಂಪೋದಲ್ಲೇ ಹೋದೆವು, ಮಾವ ಮುಂದಿನ ಸೀಟಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು.

ಶಿರಸಿಯ ಪಶುವೈದ್ಯೆ ಹಾವೇರಿ ಕಡೆಯ ಹುಡುಗಿ. ಬೆಳಗಿನಿಂದ ಆಕಳುಗಳನ್ನು ನೋಡಿ ದಣಿದಿದ್ದರೂ ಬಾತನ್ನು ಮೃದುವಾಗಿ ಎತ್ತಿ ಮೇಜಿನ ಮೇಲಿಟ್ಟಳು. ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಒತ್ತಿ ನೋಡಿದಳು. ಆಮೇಲೆ ಕೇಳಿದಳು, ಮೊಟ್ಟೆ ಯಾವಾಗಿನಿಂದ ಹಾಕಿಲ್ಲ ಎಂದು. ಮಾವನೇ ಉತ್ತರ ಕೊಟ್ಟರು, ಹೆಮ್ಮೆಯಿಂದ:

"ಬ್ಯಾಸಿಗೆಯಲ್ಲೇ ನಿಂತುಹೋಯ್ತು. ಒಂದೂ ಇಲ್ಲ."

ಡಾಕ್ಟರು ಅವರ ಮುಖ ನೋಡಿದಳು.

"ನಿಂತಿಲ್ರಿ ಅಜ್ಜಾರ. ಹೊರಗ ಬರೂದು ನಿಂತೈತಿ. ಒಳಗ ದಿನಾ ಆಗಾಕತ್ತೈತಿ. ಆಗಿದ್ದೆಲ್ಲಾ ಹೊಟ್ಟ್ಯಾಗ ಬೀಳಾಕತ್ತೈತಿ."

ನನಗೆ ಕೂಡಲೇ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಹಳದಿ ಭಾಗ ಹುಟ್ಟುವ ಜಾಗ ಒಂದು, ಅದು ಇಳಿದು ಬಂದು ಸಿಪ್ಪೆ ಕಟ್ಟಿಕೊಳ್ಳುವ ನಳಿಗೆ ಇನ್ನೊಂದು. ಬಿಡುವಿಲ್ಲದೆ ಹಾಕಿ ಹಾಕಿ ಆ ನಳಿಗೆ ಕೆಟ್ಟಿದೆ. ಈಗ ಹಳದಿ ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಕೊಳೆಯುತ್ತಿದೆ, ನೀರು ತುಂಬಿದೆ, ಆ ನೀರು ಉಸಿರನ್ನು ಒತ್ತುತ್ತಿದೆ. ಅವಳು ಸೂಜಿ ಚುಚ್ಚಿ ಎಳೆದಳು. ಸಿರಿಂಜಿನೊಳಗೆ ಕದಡಿದ ಹಳದಿ ನೀರು ಬಂತು. ಮತ್ತೆ ಎಳೆದಳು, ಮತ್ತೆ ಬಂತು. ಬಟ್ಟಲು ಅರ್ಧ ತುಂಬಿದರೂ ಮುಗಿಯಲಿಲ್ಲ. ವಾಸನೆಗೆ ನಾನು ಮುಖ ತಿರುಗಿಸಿದೆ. ಮಾವ ತಿರುಗಿಸಲಿಲ್ಲ.

ಗೂಡಿನಲ್ಲಿ ದೀಪ ಇದೆಯೇ ಎಂದಳು. ಇದೆ ಎಂದೆ. ಬೆಳಗಿನವರೆಗೂ? ಹೌದು. ಮೊಟ್ಟೆ ದಿನಾ ತೆಗೆಯುತ್ತೀರಾ? ಹೌದು, ಒಂದೂ ಬಿಡದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳಕು ಉದ್ದವಾದರೆ ಬಾತಿನ ಮೈಗೆ ಅದು ಮೊಟ್ಟೆ ಹಾಕುವ ಕಾಲ. ಹಾಕಿದ್ದು ಮಾಯವಾದರೆ, ಗೂಡು ತುಂಬಲಿಲ್ಲ ಎಂದು ಅದು ಮತ್ತೆ ಹಾಕುತ್ತದೆ. ನಾಲ್ಕು ಮೊಟ್ಟೆ ಗೂಡಿನಲ್ಲೇ ಬಿಟ್ಟಿದ್ದರೆ, ರಾತ್ರಿಯನ್ನು ರಾತ್ರಿಯಾಗಿ ಇರಲು ಬಿಟ್ಟಿದ್ದರೆ ಅದಕ್ಕೂ ಒಂದಿಷ್ಟು ತಿಂಗಳು ವಿಶ್ರಾಂತಿ ಸಿಗುತ್ತಿತ್ತು. ಇನ್ನೊಂದು ಇದ್ದರೆ ಅದರದಾದರೂ ಬೆಳಕು ಇವತ್ತೇ ತೆಗೆಯಿರಿ ಎಂದಳು. ಮಚ್ಚೆಯದಕ್ಕೆ ನೋವಿನ ಔಷಧಿ, ಸೋಂಕಿನ ಔಷಧಿ ಕೊಟ್ಟಳು. ಆಪರೇಶನ್ ಇದೆ, ಆದರೆ ಇಲ್ಲಿ ಆಗುವುದಲ್ಲ, ದೂರದ ಪೇಟೆಗೆ ಒಯ್ಯುವಷ್ಟು ಉಸಿರು ಇದಕ್ಕೆ ಉಳಿದಿಲ್ಲ ಎಂದಳು.

ವಾಪಸು ಬರುವಾಗ ಮಾವ ಪೆಟ್ಟಿಗೆಯೊಳಗೆ ಒಂದು ಕೈ ಇಟ್ಟುಕೊಂಡೇ ಇದ್ದರು. ನೀರು ತೆಗೆದದ್ದರಿಂದ ಬಾತು ಹಗುರಾಗಿತ್ತು. ಮನೆಗೆ ಬಂದದ್ದೇ ತೊಟ್ಟಿಗೆ ಇಳಿದು ರೆಕ್ಕೆ ಬಡಿಯಿತು. ಮಾವ ನನ್ನತ್ತ ನೋಡಿದರು, ಅವರ ಕಣ್ಣಲ್ಲಿ ಆಸೆ ಕಂಡು ನನಗೆ ಹೆದರಿಕೆಯಾಯಿತು. ಡಾಕ್ಟರು ನನ್ನೊಬ್ಬಳಿಗೇ ಬಾಗಿಲಲ್ಲಿ ಹೇಳಿದ್ದಳು, ಆ ನೀರು ಮತ್ತೆ ತುಂಬುತ್ತದೆ ಎಂದು.

ತುಂಬಿತು. ಎರಡನೆಯ ಸಲ ತೆಗೆಸಿಕೊಂಡು ಬಂದೆವು. ಆ ಸಲ ಅದು ತೊಟ್ಟಿಗೆ ಇಳಿಯಲಿಲ್ಲ. ಈ ನಡುವೆ ಮಾವನ ದಿನಚರಿ ತಲೆಕೆಳಗಾಗಿತ್ತು. ಮಿಂದು ಮಡಿಯುಟ್ಟ ಮನುಷ್ಯ ಮೊದಲು ಗೂಡಿಗೆ ಹೋಗಿ ಬಾತನ್ನು ಎತ್ತಿಕೊಳ್ಳುವುದು, ಬೆಲ್ಲದ ನೀರಿನಲ್ಲಿ ಔಷಧಿ ಕದಡಿ ಕುಡಿಸುವುದು, ಹಿಂದಿನ ಪುಕ್ಕಕ್ಕೆ ಅಂಟಿದ ಹೊಲಸನ್ನು ಬಿಸಿನೀರಿನಿಂದ ತೊಳೆಯುವುದು, ಆಮೇಲೆ ಮತ್ತೆ ಮಿಂದು ಪೂಜೆ. ನಾನು ಮಾಡುತ್ತೇನೆ ಎಂದರೆ ಬಿಡಲಿಲ್ಲ. ಹೂ ಕೊಯ್ಯುವಾಗ ಅದನ್ನು ಪೆಟ್ಟಿಗೆ ಸಮೇತ ಒಯ್ದು ದಾಸವಾಳದ ಬುಡದಲ್ಲಿ ಇಡುತ್ತಿದ್ದರು. ಮಾತು ಮಾತ್ರ ಕೇಳುತ್ತಿರಲಿಲ್ಲ. ಕಿಟಕಿಯ ಹತ್ತಿರ ನಿಂತ ನನಗೆ ಟೊಂಗೆ ಬಗ್ಗುವ ಸದ್ದು, ಬಾತಿನ ಉಸಿರಿನ ಸದ್ದು ಇಷ್ಟೇ.

ಒಂದು ಬೆಳಿಗ್ಗೆ ಅವರು ಹೂ ಕೊಯ್ದು ತಿರುಗುವಷ್ಟರಲ್ಲಿ ಅದರ ಕತ್ತು ಪೆಟ್ಟಿಗೆಯ ಅಂಚಿನ ಮೇಲೆ ಬಾಗಿತ್ತು. ಮಾವ ಪಕ್ಕದಲ್ಲಿ ಕೂತರು. ನನ್ನನ್ನು ಕರೆಯಲಿಲ್ಲ, ನಾನೇ ಹೋದೆ. ನಾನು ಅತ್ತುಬಿಟ್ಟೆ. ಬಾತಿಗೆ ಅಳುವುದು ನಾಚಿಕೆಯೆಂದು ಆಗ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಮಾವ ಅಳಲಿಲ್ಲ. ನನ್ನ ಗಂಡ ಡೇರೆ ಪಾತಿಯ ಹಿಂದೆ ಗುಂಡಿ ತೆಗೆದರು. ಅಂದು ಪೂಜೆಯನ್ನು ನೀನೇ ಮಾಡು ಎಂದು ಮಗನಿಗೆ ಹೇಳಿ ಮಾವ ಜಗುಲಿಯಲ್ಲಿ ಕೂತರು. ಮರುದಿನವೂ ಹಾಗೇ. ಮೈ ಸರಿ ಇಲ್ಲ ಎಂದರು, ಕೈ ಮುಟ್ಟಿದರೆ ಜ್ವರವಿರಲಿಲ್ಲ.

ಕಂದು ಬಾತು ಒಂಟಿಯಾಯಿತು. ಡಾಕ್ಟರು ಹೇಳಿದ ಮೊದಲ ದಿನವೇ ನಾವು ಬಲ್ಬು ತೆಗೆದಿದ್ದೆವು. ಕತ್ತಲಾದರೆ ಬೇಲಿಯಾಚೆ ಏನಾದರೂ ಬಂದೀತೆಂಬ ಅಂಜಿಕೆ ಬೇರೆ. ಗೂಡಿಗೆ ಎರಡನೆಯ ಜಾಲರಿ ಹೊಡೆಸಿದೆವು. ಮೊಟ್ಟೆಗಳನ್ನು ತೆಗೆಯಲಿಲ್ಲ. ಮಾವನ ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಗೂಡಿನ ಹುಲ್ಲಿನ ಮೇಲೆ ನಾಲ್ಕು ಮೊಟ್ಟೆ ಬೆಳ್ಳಗೆ ಬಿದ್ದಿದ್ದವು. ಅವರು ಅವುಗಳ ಪಕ್ಕದಲ್ಲೇ ಹಾದು ಹೂ ಕೊಯ್ಯಲು ಹೋಗುತ್ತಿದ್ದರು. ಐದನೆಯದು ಬಂತು. ಆರನೆಯದು ಬರಲಿಲ್ಲ.

ಬರದಿರಬೇಕಾದದ್ದೇ. ಡಾಕ್ಟರು ಹಾಗೇ ಹೇಳಿದ್ದಳು, ಬೆಳಕು ಕಡಿಮೆಯಾಗಿ ಗೂಡು ತುಂಬಿದರೆ ನಿಲ್ಲುತ್ತದೆ, ನಿಲ್ಲುವುದು ಒಳ್ಳೆಯದು ಎಂದು. ಆದರೆ ಮಚ್ಚೆಯದು ನಿಲ್ಲಿಸಿದಾಗಲೂ ಹುಲ್ಲು ಹೀಗೇ ಖಾಲಿ ಇತ್ತು. ಒಂದು ನಿಲ್ಲುವುದು ಆರಾಮಕ್ಕೆ, ಇನ್ನೊಂದು ನಿಲ್ಲುವುದು ಸಾವಿಗೆ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವಿಲ್ಲ. ಫೋನಿನಲ್ಲಿ ಡಾಕ್ಟರನ್ನು ಕೇಳಿದೆ. ದಿನಾ ಹೊಟ್ಟೆ ಮುಟ್ಟಿ ನೋಡುತ್ತಿರಿ, ಮೆತ್ತಗೆ ಊದಿದರೆ ತನ್ನಿ ಎಂದಳು.

ಮಾವ ಮತ್ತೆ ಪೂಜೆಗೆ ಕೂತಿದ್ದರು, ಆದರೆ ಬೇಗ ಮುಗಿಸಿ ಏಳುತ್ತಿದ್ದರು. ಕೊನೆಯ ಪ್ರಾರ್ಥನೆಯ ದನಿ ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರನ್ನು ತಡೆದು ನಿಲ್ಲಿಸಿ ಹೇಳಿದೆ:

"ಮಾವ, ಇದಕ್ಕಾದ್ರೂ ಒಂದು ಕೇಳ್ಕಳಿ. ಆರಾಮಿರ್ಲಿ ಹೇಳಿ."

ಅವರು ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದರು.

"ಇನ್ನು ಆನು ಎಂತದೂ ಕೇಳ್ತ್ನಿಲ್ಲೆ ತಂಗಿ. ಪಂಚಕಜ್ಜಾಯ ಮಾಡಿದ ದಿನ ಇದ್ರದ್ದೂ ನಿಲ್ಲಲಿ ಹೇಳಿ ಕೇಳ್ಕಂಡಾಗಿತ್ತು."

ಹಾಗೇನೂ ಇಲ್ಲ, ಬೆಳಕು ತೆಗೆದದ್ದಕ್ಕೆ ನಿಂತದ್ದು ಎಂದು ಹೇಳಬೇಕಿತ್ತು. ಅದು ನಿಜವೂ ಇರಬಹುದು. ಆದರೆ ಅದು ನನಗೂ ಖಾತ್ರಿಯಿರಲಿಲ್ಲ. ಮಾವ ಗೂಡಿನ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ಒದ್ದೆ ಮಡಿಪಂಚೆಯ ಅಂಚು ಮಣ್ಣಿಗೆ ತಾಗಿತು. ಕಂದು ಬಾತು ಅವರಿಗೆ ಅಂಜಿ ಹಿಂದೆ ಸರಿಯಿತು. ಅವರು ಬಿಡಲಿಲ್ಲ, ಮೆಲ್ಲಗೆ ಹಿಡಿದು ಅದರ ಹೊಟ್ಟೆಯ ಕೆಳಗೆ ಅಂಗೈ ಇಟ್ಟರು. ಒತ್ತಿದರು, ಕಾದರು, ಜಾಗ ಬದಲಿಸಿ ಮತ್ತೆ ಒತ್ತಿದರು.

"ಎಂಗೆ ತಿಳೀತಿಲ್ಲೆ. ನೀ ನೋಡು" ಎಂದರು.

ನಾನೂ ಪಕ್ಕದಲ್ಲಿ ಕೂತು ಕೈ ಇಟ್ಟೆ. ಬೆಚ್ಚಗಿತ್ತು. ಪುಕ್ಕದ ಕೆಳಗೆ ಅದರ ಎದೆ ಜೋರಾಗಿ ಬಡಿಯುತ್ತಿತ್ತು. ಮೆತ್ತಗೂ ಇತ್ತು, ಗಟ್ಟಿಯೂ ಇದ್ದ ಹಾಗೆ ಅನ್ನಿಸಿತು. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು, ನನಗೂ ಗೊತ್ತಾಗಲಿಲ್ಲ.